ಅಜ್ಜಿ ಎಲ್ಲಿದ್ದಾರೆ ಎಂದು ಕೇಳುವವರಿಗೆ

ಈಗ ಯೋಹಾನನ ಸುವಾರ್ತೆ 6ನೇ ಅಧ್ಯಾಯ, 60ನೇ ವಚನದಿಂದ ಕೊನೆಯವರೆಗೂ ಓದಿದೆವು. ಬೈಬಲ್ ತೆರೆದೇ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಓದುವವರು ದಯವಿಟ್ಟು ವಾಟ್ಸಾಪ್ ಕಡೆ ಹೋಗಬೇಡಿ.

ಈ ಸಭೆಯ ಯೌವನಸ್ಥರಲ್ಲಿ ಎಷ್ಟೋ ಜನ ತಮ್ಮ ಮನೆಯಲ್ಲಿ ಮೊದಲನೇ ವಿಶ್ವಾಸಿಗಳು. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ್ರಿ, ಪಿಜಿಯಲ್ಲಿ ಯಾರೋ ಸುವಾರ್ತೆ ಹೇಳಿದ್ರು, ರಕ್ಷಣೆ ಹೊಂದಿದ್ರಿ, ದೀಕ್ಷಾಸ್ನಾನ ಆಯ್ತು. ಆಮೇಲೆ ಒಂದು ದಿನ ಊರಿಂದ ಫೋನ್ ಬರುತ್ತೆ, ಅಜ್ಜಿ ಹೋಗಿಬಿಟ್ರು ಅಂತ. ನಿಮ್ಮನ್ನು ಎತ್ತಿ ಆಡಿಸಿದ ಅಜ್ಜಿ, ಯೇಸುವಿನ ವಿಷಯ ಒಂದು ಸಲವೂ ಸರಿಯಾಗಿ ಕೇಳದೆ ಹೋದ ಅಜ್ಜಿ. "ಬ್ರದರ್, ಅವರು ಈಗ ಎಲ್ಲಿದ್ದಾರೆ?" ಅಂತ ನಿಮ್ಮಲ್ಲಿ ಹಲವರು ನನ್ನನ್ನು ಕೇಳಿದ್ದೀರಿ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇರುತ್ತೆ. ಅದನ್ನು ಮೆಲ್ಲಗೆ ಕೇಳ್ತೀರಿ: ಈ ಬೋಧನೆಯನ್ನು ಒಪ್ಪೋಕೆ ಮನಸ್ಸೇ ಬರದೆ ಇರುವಾಗ, ಇಲ್ಲಿ ಕೂತು ಆಮೆನ್ ಹೇಳೋದು ಕಪಟ ಅಲ್ವಾ?

ಇದು ಇವತ್ತಿನ ಪ್ರಶ್ನೆ ಅಲ್ಲ, ಪ್ರಿಯರೇ. ಫ್ರಾನ್ಸಿಸ್ ಝೇವಿಯರ್ ಹೆಸರು ಕೇಳಿದ್ದೀರಿ, ಗೋವಾದ ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಅವರ ದೇಹ ಇದೆ. ಅವರು ಕಥೋಲಿಕ ಮಿಷನರಿ, ಅವರ ಎಲ್ಲ ಬೋಧನೆ ನಮ್ಮದಲ್ಲ, ಅದಿರಲಿ. 1549ರಲ್ಲಿ ಅವರು ಜಪಾನಿಗೆ ಹೋದರು. ಹಿಂದಿರುಗಿ ಬಂದ ಮೇಲೆ 1552ರ ಜನವರಿಯಲ್ಲಿ ಕೊಚ್ಚಿಯಿಂದ ಒಂದು ದೊಡ್ಡ ಪತ್ರ ಬರೆದರು. ಹೊಸ ವಿಶ್ವಾಸಿಗಳು ತೀರಿಹೋದ ತಂದೆತಾಯಿ, ಹೆಂಡತಿ, ಮಕ್ಕಳನ್ನು ನೆನೆದು ಅಳುತ್ತಿದ್ದರಂತೆ. ನಾವು ಪ್ರಾರ್ಥನೆ ಮಾಡಿದರೆ, ದಾನಧರ್ಮ ಮಾಡಿದರೆ ಅವರಿಗೆ ಬಿಡುಗಡೆ ಉಂಟಾ ಅಂತ ಕೇಳುತ್ತಿದ್ದರಂತೆ. ಇಲ್ಲ ಅಂತ ಹೇಳಬೇಕಾಗಿ ಬಂದಾಗ ತನಗೂ ದುಃಖ ತಡೆಯಲಾಗುತ್ತಿರಲಿಲ್ಲ ಎಂದು ಝೇವಿಯರ್ ಬರೆದಿದ್ದಾರೆ. ಆ ದೇಶದ ಸಭೆಗೆ ಮುಂದೆ ಏನಾಯಿತು ಗೊತ್ತಾ? 1597ರಲ್ಲಿ ನಾಗಸಾಕಿಯಲ್ಲಿ 26 ಜನರನ್ನು ಶಿಲುಬೆಗೆ ಹಾಕಿದರು. ನಂತರ ಇನ್ನೂರಕ್ಕೂ ಹೆಚ್ಚು ವರ್ಷ ಪಾದ್ರಿಗಳೇ ಇಲ್ಲದೆ, ಗುಟ್ಟಾಗಿ, ಮನೆಯಿಂದ ಮನೆಗೆ ವಿಶ್ವಾಸ ಸಾಗಿತು. 1865ರಲ್ಲಿ ಅವರಲ್ಲಿ ಕೆಲವರು ನಾಗಸಾಕಿಯ ಒಂದು ಚರ್ಚಿಗೆ ಬಂದು ನಾವೂ ನಿಮ್ಮವರೇ ಅಂದರು. ಇಂಥ ಕಣ್ಣೀರಿನಿಂದ ಶುರುವಾದ ಸಭೆ ಅದು.

ಈ ನೋವಿಗೆ ಎರಡು ಸುಲಭದ ಉತ್ತರಗಳಿವೆ. ಎರಡೂ ನನಗೆ ಸಾಲದು. ಒಳ್ಳೆಯವರೆಲ್ಲ ಹೇಗೋ ಸೇರಿಬಿಡ್ತಾರೆ ಬಿಡಿ ಅನ್ನೋದು ಒಂದು. ಹಾಗಾದರೆ ಗೆತ್ಸೇಮನೆ ತೋಟದಲ್ಲಿ ಆ ಪಾತ್ರೆ ತನ್ನಿಂದ ತೊಲಗಲಿ ಎಂದು ಕರ್ತನು ಬೇಡಿಕೊಂಡಾಗ ತಂದೆ ಯಾಕೆ ಸುಮ್ಮನಿದ್ದನು? ಬೇರೆ ದಾರಿ ಇದ್ದಿದ್ದರೆ ಅವತ್ತು ರಾತ್ರಿ ತೋರಿಸುತ್ತಿದ್ದನು. ನಿಮ್ಮ ಅಜ್ಜಿ ನರಕದಲ್ಲೇ ಇದ್ದಾರೆ, ಮುಂದಿನ ಪ್ರಶ್ನೆ ಕೇಳಿ ಅನ್ನೋದು ಇನ್ನೊಂದು. ಜೀವಗ್ರಂಥದ ಲೆಡ್ಜರ್ ನಮ್ಮ ಕೈಯಲ್ಲೇ ಇದೆ ಅನ್ನೋ ಹಾಗೆ! ಶಿಲುಬೆಯ ಮೇಲಿದ್ದ ಕಳ್ಳನ ತಾಯಿ ಊರಲ್ಲಿದ್ದಿದ್ದರೆ, ಮಗ ಕಳ್ಳನಾಗೇ ಸತ್ತ ಅಂದುಕೊಂಡು ಅಳುತ್ತಿದ್ದಳು. ಕಡೇ ಗಳಿಗೆಯಲ್ಲಿ ಅವನು ಏನು ಕೇಳಿಕೊಂಡ, ಕರ್ತನು ಏನು ಕೊಟ್ಟನು, ಅವಳಿಗೆ ಹೇಳುವವರು ಯಾರು? ನನ್ನ ಅಜ್ಜಿಯೂ ತುಳಸಿಕಟ್ಟೆಗೆ ದೀಪ ಹಚ್ಚುತ್ತಲೇ ಹೋದರು. ಯೇಸುವಿನ ಹೊರತು ರಕ್ಷಣೆ ಇಲ್ಲ ಎಂದು ನಾನು ಈ ವೇದಿಕೆಯಿಂದ ಸಾರುತ್ತೇನೆ. ಅಜ್ಜಿಯ ತೀರ್ಪನ್ನು ಮಾತ್ರ ನಾನು ಓದುವುದಿಲ್ಲ, ಆ ಕುರ್ಚಿ ನನ್ನದಲ್ಲ. ಇನ್ನೊಂದು ಮಾತು. ತಿಥಿಯ ದಿನ ಮನೆಯವರ ಮಧ್ಯೆ ನಿಂತು ಅಜ್ಜಿ ನರಕಕ್ಕೆ ಹೋದರು ಅಂತ ಹೇಳುವುದು ಸಾಕ್ಷಿ ಅಲ್ಲ, ಒರಟುತನ.

ಈಗ ಆ ಕಪಟದ ಪ್ರಶ್ನೆಗೆ ಬರೋಣ. ಕಪೆರ್ನೌಮಿನಲ್ಲಿ ಕರ್ತನ ಮಾತು ಕಠಿಣ ಅಂತ ಬಹಳ ಶಿಷ್ಯರಿಗೆ ಅನ್ನಿಸಿತು. ಅವರು ಗೊಣಗಿದರು, ಆದರೆ ತಮ್ಮತಮ್ಮೊಳಗೇ. ಅವನ ಹತ್ತಿರ ಹೋಗಿ ಕೇಳಲಿಲ್ಲ, ಎದ್ದು ಹೋದರು. ಹನ್ನೆರಡು ಮಂದಿಯನ್ನು ನೀವೂ ಹೋಗುತ್ತೀರಾ ಅಂತ ಕೇಳಿದಾಗ ಪೇತ್ರನು ಕೊಟ್ಟ ಉತ್ತರ ಗಮನಿಸಿ. ನನಗೆಲ್ಲ ಅರ್ಥವಾಯಿತು ಅಂತ ಅವನು ಹೇಳಲೇ ಇಲ್ಲ. ಹೋಗುವುದಕ್ಕೆ ಬೇರೆ ಯಾರೂ ಇಲ್ಲ, ನೀನು ಯಾರೆಂದು ನಮಗೆ ಗೊತ್ತು ಅನ್ನುವುದಷ್ಟೇ ಅವನ ಉತ್ತರ. ಮಾತು ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆ, ಆಳನ್ನು ಮಾತ್ರ ಬಿಡಲಿಲ್ಲ. ಕಪಟ ಅಂದರೆ ಇಲ್ಲದ ಸಮಾಧಾನವನ್ನು ಇದೆ ಅಂತ ತೋರಿಸುವುದು. ನೋವಿದೆ ಅಂತ ಹೇಳಿಕೊಂಡೇ ಕ್ರಿಸ್ತನ ಹತ್ತಿರ ಉಳಿಯುವವನನ್ನು ಕಪಟಿ ಅಂತ ಹೇಗೆ ಕರೆಯುವುದು?

ಅಬ್ರಹಾಮನನ್ನು ನೋಡಿ, ಆದಿಕಾಂಡ 18. ಸೊದೋಮಿನ ತೀರ್ಪು ಅವನಿಗೆ ಸಹಿಸಲಾಗಲಿಲ್ಲ. ದೇವರಿಂದ ದೂರ ಹೋಗಿ ವಾದ ಮಾಡಲಿಲ್ಲ, ಹತ್ತಿರ ಬಂದು ಮಾಡಿದ. ಐವತ್ತರಿಂದ ಶುರುಮಾಡಿ ಹತ್ತರವರೆಗೂ ಇಳಿಸಿದ, ನಮ್ಮ ಕೆ.ಆರ್. ಮಾರ್ಕೆಟ್ ಚೌಕಾಸಿ ಥರ. ಲೋಕದ ನ್ಯಾಯಾಧಿಪತಿ ಅನ್ಯಾಯ ಮಾಡುವವನಲ್ಲ ಅನ್ನುವುದನ್ನೇ ಹಿಡಿದು ಮಾತಾಡಿದ. ಪೌಲನು ರೋಮಾಪುರದವರಿಗೆ ಬರೆದ 9ನೇ ಅಧ್ಯಾಯದ ಆರಂಭ ಓದಿ. ಸ್ವಜನರಿಗಾಗಿ ತಾನೇ ಕ್ರಿಸ್ತನಿಂದ ಅಗಲಿ ಶಾಪಗ್ರಸ್ತನಾದರೂ ಸರಿ ಅನ್ನುವಷ್ಟು ಸಂಕಟ ಅವನಿಗಿತ್ತು. ಅಭಿಷೇಕ ಹೊಂದಿದ ಅಪೊಸ್ತಲನಿಗೆ ಇದ್ದ ನೋವು ನಿಮಗಿದ್ದರೆ ಅದು ಅವಿಶ್ವಾಸ ಅಂತ ಯಾರೂ ನಿಮಗೆ ಹೇಳದಿರಲಿ. ಅಂಥ ನೋವಿನಲ್ಲೇ ಅವನು 10ನೇ ಅಧ್ಯಾಯದ ಮೊದಲ ವಚನದಲ್ಲಿ ಇನ್ನೂ ಬದುಕಿರುವವರ ರಕ್ಷಣೆಗಾಗಿ ಪ್ರಾರ್ಥಿಸುತ್ತಾನೆ.

ನಿಮ್ಮ ಅಪ್ಪ, ಅಮ್ಮ ಇನ್ನೂ ಇದ್ದಾರಲ್ಲ. ಅವರ ಹೆಸರು ಹಿಡಿದು, ಜೋರಾಗಿ ಅಲ್ಲದಿದ್ದರೂ ಪರವಾಗಿಲ್ಲ, ಅಳು ಬಂದರೂ ಪರವಾಗಿಲ್ಲ, ಎದ್ದು ನಿಂತು ಪ್ರಾರ್ಥಿಸೋಣ.