ಮೂಳೆಯ ನೆರಳು ಪ್ರಮಾಣವೇ?

ಹೊಟ್ಟೆಚೀಲದಲ್ಲಿ ಮರಿ ಸಾಕುವ ಆಸ್ಟ್ರೇಲಿಯಾದ ಕಾಡುಪ್ರಾಣಿಗಳ ಅಸ್ಥಿಪಂಜರವನ್ನು ಎಕ್ಸ್‌ರೇಯಿಂದ ಅರಿಯುವುದು ಇಲ್ಲಿನ ವಿಷಯ. ಎಕ್ಸ್‌ರೇ ಚಿತ್ರವೆಂದರೆ ನೆರಳು. ನೆರಳನ್ನು ಪ್ರಮಾಣವೆಂದು ಒಪ್ಪಬಹುದೇ ಎಂಬುದು ಸಂಶಯ.

ಪೂರ್ವಪಕ್ಷ ಹೀಗೆನ್ನುತ್ತದೆ: ಮೂಳೆಯನ್ನು ಅರಿಯಲು ಮೂಳೆಯನ್ನೇ ಕೈಯಲ್ಲಿ ಹಿಡಿಯಬೇಕು. ಮಾಂಸ ಬಿಡಿಸಿ, ಬೇಯಿಸಿ, ಒಣಗಿಸಿದರೆ ಸವೆತವೂ ಸ್ನಾಯು ಅಂಟಿದ ಗುರುತೂ ಕಣ್ಣಿಗೆ ಕಾಣುತ್ತವೆ. ನೆರಳಿನಲ್ಲಾದರೋ ಮೂಳೆಗಳು ಒಂದರ ಮೇಲೊಂದು ಬಿದ್ದು ಎಡ ಬಲ ಕಲಸಿಹೋಗುತ್ತವೆ.

ಮಾತಿನಲ್ಲಿ ಹುರುಳಿದೆ. ಆದರೆ ಕೊಯ್ಯಲಾಗದ ದೇಹ ಮುಂದಿದ್ದರೆ? ಟಾಸ್ಮೇನಿಯಾ ಹುಲಿ ಎನ್ನುವ ಥೈಲಸೀನ್‌ಗಳಲ್ಲಿ ಕೊನೆಯದು 1936ರಲ್ಲಿ ಹೋಬಾರ್ಟ್‌ನ ಮೃಗಾಲಯದಲ್ಲಿ ಸತ್ತಿತು. ಥೈಲಸೀನ್‌ನ ಚೀಲದ ಮರಿಗಳೆಂದು ಸಂಗ್ರಹಾಲಯಗಳಲ್ಲಿ ಉಳಿದವು 13. ಒಂದನ್ನು ಕೊಯ್ದರೆ ಒಂದು ಕಳೆದಂತೆಯೇ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವನ್ನು ಕೊಯ್ಯದೆ ಸಿಟಿ ಸ್ಕ್ಯಾನ್ ಮಾಡಿತು. ಸುತ್ತಲಿಂದ ತೆಗೆದ ನೂರಾರು ನೆರಳುಗಳನ್ನು ಕಂಪ್ಯೂಟರ್ ಒಂದು ಆಕಾರವಾಗಿ ಕಟ್ಟುವುದರಿಂದ ಎಡ ಬಲ ಕಲಸುವ ದೋಷ ಅಲ್ಲಿ ನಿಲ್ಲುವುದಿಲ್ಲ.

ಕಂಡದ್ದೇನು? ಎರಡು ಮರಿಗಳು ಥೈಲಸೀನೇ ಅಲ್ಲ. ಹೊಟ್ಟೆಚೀಲದ ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಗಂಡಿಗೂ ಹೆಣ್ಣಿಗೂ ಸೊಂಟದ ಮೂಳೆಯಿಂದ ಹೊಟ್ಟೆಯ ಕಡೆಗೆ ಕಡ್ಡಿಯಂಥ ಎರಡು ಮೂಳೆಗಳು ಚಾಚಿರುತ್ತವೆ. ಎಪಿಪ್ಯೂಬಿಕ್ ಎಂದು ಹೆಸರು. ಥೈಲಸೀನ್‌ನಲ್ಲಿ ಅವು ಕುಗ್ಗಿಹೋಗಿವೆ. ಆ ಎರಡು ಮರಿಗಳಲ್ಲಿ ಅವು ದೊಡ್ಡದಾಗಿಯೇ ಇದ್ದವು, ಬೆನ್ನುಮೂಳೆಯ ಮಣಿಗಳ ಲೆಕ್ಕವೂ ಹೊಂದಲಿಲ್ಲ. ತಪ್ಪಿದ್ದು ಸೀಸೆಯ ಮೇಲಿನ ಚೀಟಿ. ಬೇಯಿಸಿದ್ದರೆ ಇಂಥ ಬಿಡಿ ಮೂಳೆಗಳು ಕಳಚಿ, ತಮ್ಮ ಜಾಗ ಯಾವುದೆಂಬ ಸಾಕ್ಷಿಯನ್ನೇ ಕಳೆದುಕೊಳ್ಳುತ್ತಿದ್ದವು. ನೆರಳನ್ನು ನಾನು ಪ್ರಮಾಣವೆನ್ನುವುದು ಇದಕ್ಕೇ: ಮೂಳೆ ಇದ್ದಲ್ಲೇ ಇದ್ದು ಮಾತಾಡುತ್ತದೆ.

ಮತ್ತೊಂದು ಆಕ್ಷೇಪ: ಎಳೆಯ ಮೆಲ್ಲೆಲುಬು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದು. ನಿಜ. ಆದರೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಆಗಿಲ್ಲ ಎಂಬುದೇ ಇಲ್ಲಿ ಪಾಠ. ಆಗಷ್ಟೇ ಹುಟ್ಟಿದ ಕೆಂಪು ಕಾಂಗರೂ ಮರಿ ಒಂದು ಗ್ರಾಮ್ ಕೂಡ ತೂಗದು. ಹಿಂಗಾಲು ಇನ್ನೂ ಮೊಗ್ಗು. ತಾನೇ ತೆವಳಿ ಚೀಲ ಸೇರಬೇಕಾದ್ದರಿಂದ ಹೆಗಲು, ಮುಂಗಾಲು ಮೊದಲು ಬಲಿಯುತ್ತವೆ. ಮೆತ್ತನೆಯ ಭಾಗವೂ ಬೇಕೆಂದರೆ ಸತ್ತ ಮಾದರಿಯನ್ನು ಅಯೋಡಿನ್‌ನಲ್ಲಿ ನೆನೆಸುವ ಕ್ರಮವಿದೆ.

ಬದುಕಿರುವ ಪ್ರಾಣಿಯನ್ನು ಚಿತ್ರಕ್ಕಾಗಿ ಹಿಡಿಯುವುದು ಹಿಂಸೆಯಲ್ಲವೇ? ಈ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಅಟ್ಟಿಸಿ ಹಿಡಿದ ಕಾಂಗರೂ ಸ್ನಾಯು ಕೆಟ್ಟು ಕೆಲವೇ ದಿನಗಳಲ್ಲಿ ಸಾಯುವುದುಂಟು. ಗಾಯಗೊಂಡು ಚಿಕಿತ್ಸೆಗೆ ಬಂದವು, ರಸ್ತೆಯಲ್ಲಿ ಸತ್ತವು ಸಾಕು. ವಾಹನಕ್ಕೆ ಸಿಕ್ಕಿ ಸತ್ತ ವಾಂಬ್ಯಾಟ್‌ನ ತಲೆಯ ಚಿತ್ರದಲ್ಲೂ, ಆಯುಷ್ಯವಿಡೀ ಬೆಳೆಯುವ ಬೇರಿಲ್ಲದ ಹಲ್ಲು ದವಡೆಯೊಳಗೆ ಬಾಗಿ ಎಷ್ಟು ಆಳಕ್ಕಿಳಿದಿದೆ ಎಂಬುದು ಕಾಣುತ್ತದೆ.