ಸುಮ್ಮನೆ

ನಮ್ಮ ತಿಪಟೂರಿನ ಕಡೆ ದಾರಿಯಲ್ಲಿ ಸಿಕ್ಕವರನ್ನು ‘ಎಲ್ಲಿಗೆ ಹೊರಟ್ರಿ?’ ಎಂದು ಕೇಳದಿದ್ದರೆ ಅದು ಮರ್ಯಾದೆಯಲ್ಲ. ಗಂಡಸು ‘ಇಲ್ಲೇ, ಸುಮ್ಮನೆ’ ಅಂದರೆ ಮಾತು ಮುಗಿಯಿತು. ಹೆಂಗಸು, ಅದರಲ್ಲೂ ಸೈಕಲ್ಲೇರಿದ ಹೆಂಗಸು, ಹಾಗಂದರೆ ಮಾತು ಶುರುವಾಗುವುದೇ ಅಲ್ಲಿಂದ.

ಸೈಕಲ್ಲಿನ ಮೇಲೆ ಯಾರಿಗೂ ಸಿಟ್ಟಿಲ್ಲ ನೋಡಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಬಡ ಹುಡುಗಿಯರಿಗೆ ಸೈಕಲ್ ಕೊಡತೊಡಗಿದಾಗ ನಮ್ಮ ಬೀದಿಯವರೆಲ್ಲ ಮೆಚ್ಚಿದರು. ಅದು ಶಾಲೆಗೆ ಹೋಗುವ ಸೈಕಲ್ಲು. ಕೆಲಸವಿಲ್ಲದ ಸವಾರಿಗೆ ಮಾತ್ರ ಕಾರಣ ಕೊಡಬೇಕು.

ಭಾನುವಾರ ಬೆಳಿಗ್ಗೆ ನಾನು ಅರಳಗುಪ್ಪೆಗೆ ಸೈಕಲ್ ತುಳಿಯುತ್ತೇನೆ. ತೆಂಗಿನ ತೋಟದ ನೆರಳು, ದಿಣ್ಣೆ, ಏದುಸಿರು, ಆಮೇಲೆ ಪೆಡಲ್ ತುಳಿಯದೆ ಇಳಿಯುವ ಸುಖ. ಅಲ್ಲಿ ಒಂಬತ್ತನೇ ಶತಮಾನದ ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ ಶಿವ ಕುಣಿಯುತ್ತಿದ್ದಾನೆ, ಸುತ್ತ ದಿಕ್ಪಾಲಕರು. ‘ದೇವಸ್ಥಾನಕ್ಕೆ ಅಂದ್ಬಿಡಿ ಅಕ್ಕ, ಯಾರೂ ಮಾತಾಡಲ್ಲ’ ಎಂದು ಪಕ್ಕದ ಮನೆಯಾಕೆ ಉಪಾಯ ಹೇಳಿಕೊಟ್ಟಳು. ಸುಳ್ಳೇನಲ್ಲ. ಆದರೂ ನಾನು ಹಾಗನ್ನುವುದಿಲ್ಲ. ನಾನೊಂದು ಗುಡಿಯನ್ನು ನೆಪ ಮಾಡಿಕೊಂಡರೆ, ನಾಳೆ ಸೈಕಲ್ಲೇರುವ ಹುಡುಗಿಯೂ ಒಂದು ಗುಡಿ ಹುಡುಕಬೇಕಾಗುತ್ತದೆ.

ನಮ್ಮೂರಿನ ಉಂಡೆ ಕೊಬ್ಬರಿಯಾಗಲು ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಸುಮ್ಮನೆ ಬಿದ್ದಿರಬೇಕು. ಅದನ್ನು ಯಾರೂ ಸೋಮಾರಿ ಅನ್ನುವುದಿಲ್ಲ. ಆದರೆ ಆ ಕಾಯಿ ಒಡೆದು ಕೊಬ್ಬರಿ ಬಿಡಿಸುವ ಹೆಂಗಸು ಭಾನುವಾರವೂ ರಾಶಿಯ ಮುಂದೆ ಕೂತಿರುತ್ತಾಳೆ. ಅವಳು ತಲೆಯೆತ್ತಿ ‘ಎಲ್ಲಿಗಕ್ಕಾ?’ ಅಂದಾಗ ‘ಸುಮ್ಮನೆ ಕಣಮ್ಮ’ ಅನ್ನುತ್ತೇನೆ, ಬ್ರೇಕ್ ಹಿಡಿದು, ಕಾಲು ನೆಲಕ್ಕೆ ಊರಿ. ಬೇರೆ ಯಾರಿಗೂ ಹಾಗೆ ನಿಂತು ಉತ್ತರ ಕೊಡುವುದಿಲ್ಲ.