ಕೊಸರು ಉಳಿದೀತೆ?

ಹಳೆಯದನ್ನು ಉಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯದರಲ್ಲಿ ಯಾವುದನ್ನು, ಯಾರಿಗಾಗಿ ಉಳಿಸಬೇಕು ಎಂದು ಕೇಳಿದೊಡನೆ ಅಭಿಪ್ರಾಯಗಳು ಹತ್ತಾಗುತ್ತವೆ. ಇತ್ತೀಚೆಗೆ ಮಿತ್ರರೊಬ್ಬರು ಜಾರ್ಜ್ ಟೌನಿನ ಕೊತ್ವಾಲ್ ಚಾವಡಿಯ ಮಾತೆತ್ತಿ, "ಅದನ್ನು ತೊಳೆದು ಬಳಿದು, ಕಲ್ಲು ಹಾಸಿ, ಸಂಸಾರಸಮೇತ ಸುತ್ತಾಡುವಂಥ ಅಂಗಡಿಬೀದಿ ಮಾಡಬೇಕು, ಲಂಡನ್ನಿನವರು ಮಾಡಲಿಲ್ಲವೆ?" ಎಂದರು. ನಾನೂ ತಲೆಯಾಡಿಸಿದೆ. ಮಣಲಿಗೆ ಹಿಂದಿರುಗುವ ಬಸ್ಸಿನಲ್ಲಿ ಕುಳಿತಾಗ, ಅಷ್ಟು ಸುಲಭವಾಗಿ ಒಪ್ಪಬಾರದಿತ್ತೇನೋ ಎನಿಸಿತು.

ಚಾವಡಿ ನಮಗೆ ಹೊಸ ಮಾತಲ್ಲ. ಹಳ್ಳಿಯ ನ್ಯಾಯ, ಕಂದಾಯ, ಹರಟೆ ಎಲ್ಲವೂ ನಡೆಯುತ್ತಿದ್ದ ಜಾಗ ಅದು. ಇನ್ನು ಕೊತ್ವಾಲನೆಂದರೆ ಪಟ್ಟಣದ ಕಾವಲಿನ ಅಧಿಕಾರಿ. ಮೊಗಲರ ಕಾಲದ ನಗರಗಳಲ್ಲಿ ತೂಕ, ಅಳತೆ, ಬೆಲೆಗಳ ಮೇಲೆ ಕಣ್ಣಿಡುವುದೂ ಅವನ ಕೆಲಸವಾಗಿತ್ತು. ಹೀಗೆ ಹೆಸರಿನಲ್ಲಿಯೇ ನ್ಯಾಯವನ್ನು ಇಟ್ಟುಕೊಂಡ ಈ ಪೇಟೆ ಮದರಾಸಿನ ಅಡಿಗೆಮನೆಗಳಿಗೆ ತಲೆಮಾರುಗಳ ಕಾಲ ತರಕಾರಿ ಒದಗಿಸಿತು. 1996ರಲ್ಲಿ ಅದರ ಸಗಟು ವ್ಯಾಪಾರವನ್ನು ಕೋಯಂಬೇಡಿಗೆ ಸಾಗಿಸಿದರು. ಕಾರಣ ಸರಿಯಾದದ್ದೇ. ಎತ್ತಿನಗಾಡಿಯ ಕಾಲದ ಓಣಿಗಳಲ್ಲಿ ಲಾರಿಗಳು ತಿರುಗುವುದಾದರೂ ಹೇಗೆ?

ಅದಕ್ಕೂ ಮುಂಚೆ, ನಾನು ಹುಡುಗನಾಗಿದ್ದಾಗ, ಹಬ್ಬ ಹತ್ತಿರ ಬಂದರೆ ತಂದೆಯವರ ಜೊತೆ ಮಣಲಿಯಿಂದ ಅಲ್ಲಿಗೆ ಹೋಗುತ್ತಿದ್ದೆ. ನಾಲ್ಕು ಮನೆಯವರು ಸೇರಿ ಹೆಚ್ಚಾಗಿ ಕೊಂಡು ಹಂಚಿಕೊಂಡರೆ ಅಗ್ಗವಾಗುತ್ತಿತ್ತು. ತೂಕ ಮುಗಿದ ಮೇಲೆ ಅಂಗಡಿಯಾಕೆ ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಚೀಲಕ್ಕೆ ಹಾಕುವಳು. ಅದು ಕೊಸರು. ತಂದೆಯವರ ತಮಿಳು ಅಷ್ಟಕ್ಕಷ್ಟೆ. ಆದರೆ ಕೊಸರು ಎಂಬ ಮಾತು ಎರಡು ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅದನ್ನು ಕೇಳಲು ಅವರಿಗೆ ಯಾರ ಸಹಾಯವೂ ಬೇಕಿರಲಿಲ್ಲ.

ಇಲ್ಲಿ ನನ್ನನ್ನು ನಾನೇ ತಡೆದುಕೊಳ್ಳಬೇಕು. ನನ್ನ ನೆನಪಿನಲ್ಲಿ ಕೊತ್ತಂಬರಿಯ ಪರಿಮಳವಿದೆ. ಕೊಳೆತ ಎಲೆಗಳ ಕೆಸರಿನಲ್ಲಿ ಮೂಟೆ ಹೊತ್ತು ನಡೆದ ಹಮಾಲಿಯ ನೆನಪಿನಲ್ಲಿ ಏನಿದೆಯೋ ನಾನು ಕೇಳಲಿಲ್ಲ. ಅವನ ಕಷ್ಟವನ್ನು ನನ್ನ ನೆನಪಿನ ಸುಖಕ್ಕಾಗಿ ಕಾಪಾಡಿರೆಂದು ಹೇಳುವುದು ಧರ್ಮವಲ್ಲ. ಆದುದರಿಂದ ಸ್ಥಳಾಂತರವನ್ನಾಗಲಿ, ಶುಚಿತ್ವವನ್ನಾಗಲಿ ನಾನು ಹಳಿಯಲಾರೆ.

ಆದರೆ ಮಿತ್ರರು ಹೇಳಿದ ಲಂಡನ್ನಿನ ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಕೋವೆಂಟ್ ಗಾರ್ಡನ್ನಿನ ಹಣ್ಣು, ತರಕಾರಿ, ಹೂವಿನ ಸಗಟು ವ್ಯಾಪಾರ 1974ರಲ್ಲಿ ನೈನ್ ಎಲ್ಮ್ಸ್‌ಗೆ ಹೋಯಿತು. ಹಳೆಯ ಕಟ್ಟಡವನ್ನು ಕೆಡವದೆ ದುರಸ್ತಿ ಮಾಡಿ 1980ರಲ್ಲಿ ಅಂಗಡಿಗಳ ಕೇಂದ್ರವಾಗಿ ತೆರೆದರು. ಪ್ಯಾರಿಸ್ಸಿನವರು 1969ರಲ್ಲಿ ತಮ್ಮ ಪೇಟೆಯನ್ನು ರಂಜಿಸ್‌ಗೆ ಕಳುಹಿಸಿ, ಹಳೆಯ ಮಂಟಪಗಳನ್ನು 1971ರಿಂದ ಕೆಡವಿದ್ದಕ್ಕೆ ಹೋಲಿಸಿದರೆ ಇದು ವಿವೇಕವೇ ಸರಿ. ಆದರೂ ಇಂದು ಕೋವೆಂಟ್ ಗಾರ್ಡನ್ನಿಗೆ ಜನ ಹೋಗುವುದು ಎಲೆಕೋಸು ತರಲಿಕ್ಕಲ್ಲ. ಅಲ್ಲಿ ಕಟ್ಟಡ ಉಳಿಯಿತು, ಕಸುಬು ಹೋಯಿತು.

ಇದಕ್ಕೆ ವಿರುದ್ಧವಾದುದನ್ನು ನಮ್ಮೂರಿನಲ್ಲಿಯೇ ಕಂಡೆವು. 2020ರ ಮೇ ತಿಂಗಳಲ್ಲಿ ಕೊರೋನಾ ಹರಡಿತೆಂದು ಕೋಯಂಬೇಡನ್ನು ಮುಚ್ಚಿದರು. ತರಕಾರಿ ವ್ಯಾಪಾರಿಗಳು ತಿರುಮಳಿಶೈಯ ಬಯಲಿಗೆ ಹೋದರು. ಮಳೆ ಬಂದಾಗ ಕೆಸರು ತುಳಿಯುತ್ತ ಅಲ್ಲಿಂದಲೇ ಊರಿಗೆ ತರಕಾರಿ ಕಳುಹಿಸಿದರು. ಸೆಪ್ಟೆಂಬರಿನಲ್ಲಿ ಕೋಯಂಬೇಡು ಮತ್ತೆ ತೆರೆಯುವವರೆಗೂ ಪೇಟೆ ಅಲ್ಲಿತ್ತು. ಹಾಗಾದರೆ ಪೇಟೆ ಎಂದರೆ ಗೋಡೆಯಲ್ಲ; ಕೊಡುವ, ಕೊಳ್ಳುವ, ಹೊರುವ ಜನ.

ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದ ಮೇಲೆ, ಕೆಡವಬೇಕೆ ದುರಸ್ತಿ ಮಾಡಬೇಕೆ ಎಂದು ವರ್ಷಗಟ್ಟಲೆ ವಾದ ನಡೆಯಿತು. ಕಟ್ಟಡದ ಅಂದಕ್ಕಾಗಿ ನಮ್ಮ ಮನಸ್ಸೂ ಮಿಡಿಯಿತು. ಆದರೆ ಅಲ್ಲಿ ಹೂವು, ವೀಳ್ಯದೆಲೆ ಮಾರುವವರು ನಾಳೆ ಎಲ್ಲಿ ಕೂರುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಎಷ್ಟು ಜನ ಮೊದಲು ಕೇಳಿದೆವು?

ಆದುದರಿಂದ ಹಳೆಯ ಪೇಟೆಗೆ ಹೊಸ ಜೀವ ತುಂಬುವ ಯಾವ ಯೋಜನೆಯನ್ನಾದರೂ ಮೂರು ಪ್ರಶ್ನೆಗಳಿಂದ ಅಳೆಯಬಹುದು. ಈಗ ಅಲ್ಲಿ ಕೂತು ಮಾರುವವರಿಗೆ ತಾಳಿಕೊಳ್ಳುವ ಬಾಡಿಗೆಗೆ ಮೊದಲು ಜಾಗ ಸಿಗುವುದೆ? ಹೊರುವವನಿಗೆ ತಳ್ಳುಗಾಡಿ, ಕುಡಿಯುವ ನೀರು, ಶೌಚಾಲಯ ಉಂಟೆ? ಕೈಯಲ್ಲಿ ಸ್ವಲ್ಪವೇ ಹಣವಿರುವ ಗೃಹಿಣಿ ಸಂಕೋಚವಿಲ್ಲದೆ ಒಳಗೆ ಬಂದಾಳೆ? ಬಾಡಿಗೆ ಕಡಿಮೆಯಾದರೆ ಕಲ್ಲು ಹಾಸುವ ಖರ್ಚು ಯಾರದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉದ್ಯಾನಕ್ಕೆ, ಗ್ರಂಥಾಲಯಕ್ಕೆ ಯಾರು ಕೊಡುತ್ತಾರೋ ಅವರೇ, ಅಂದರೆ ನಾವೇ, ತೆರಿಗೆಯ ರೂಪದಲ್ಲಿ ಕೊಡಬೇಕು. ಕೊಡಲು ಮನಸ್ಸಿಲ್ಲದಿದ್ದರೆ ಪೇಟೆ ಉಳಿಸಬೇಕೆಂಬ ಮಾತಾಡಬಾರದು.

ಮಿತ್ರರಿಗೆ ಈಗ ಹೀಗೆ ಹೇಳಬೇಕೆಂದಿದ್ದೇನೆ: ಕಲ್ಲು ಹಾಸಲಿ, ದೀಪ ಹಾಕಲಿ, ನಾವೂ ಮಕ್ಕಳನ್ನು ಕರೆದುಕೊಂಡು ಹೋಗೋಣ. ಆದರೆ ಕೊಸರು ಸಿಗುವಂತಿರಲಿ. ಅದನ್ನು ಯಾವ ಕಾಯಿದೆಯೂ ಕೊಡಿಸಲಾರದು. ಮಾರುವವಳಿಗೆ ಆ ದಿನದ ಬಾಡಿಗೆಯ ಚಿಂತೆ ತೀರಿದ್ದರೆ ಮಾತ್ರ ಅವಳ ಕೈ ಇನ್ನೊಂದು ಹಿಡಿ ಸೊಪ್ಪಿಗೆ ಹೋದೀತು.